ಅರವತ್ತು ದಾಟಿದ ಸ್ಯಾಕ್ಸೋಫೋನ್ ವಾದಕರ ಉಸಿರು

ಪ್ರಶ್ನೆ: ಚಿಂತಾಮಣಿ, ಕೈವಾರ ಸುತ್ತಲಿನ ಮದುವೆ ಮತ್ತು ಜಾತ್ರೆಗಳ ವಾಲಗದಲ್ಲಿ ಹರೆಯದಿಂದಲೂ ಸ್ಯಾಕ್ಸೋಫೋನ್ ನುಡಿಸುತ್ತಿದ್ದೇನೆ. ಈಗ ಅರವತ್ತು ದಾಟಿದ್ದು, ಮುಹೂರ್ತ ಮುಗಿಯುವ ಹೊತ್ತಿಗೆ ಉಸಿರು ಸೋಲುತ್ತದೆ. ಅಮೆರಿಕದ ಜಾಝ್ ವಾದಕರು ಎಂಬತ್ತು ದಾಟಿದ ಮೇಲೂ ನುಡಿಸುತ್ತಿದ್ದರಂತೆ. ಅದು ಹೇಗೆ ಸಾಧ್ಯವಾಯಿತು?
– ಓದುಗರೊಬ್ಬರು, ಚಿಂತಾಮಣಿ

ಉತ್ತರ: ತಾವು ಕೇಳಿದ ಮಾತು ನಿಜ, ಆದರೆ ಎಲ್ಲರಿಗೂ ಅನ್ವಯಿಸುವುದಿಲ್ಲ. ಸ್ಯಾಕ್ಸೋಫೋನ್‌ನ ಚಾರ್ಲಿ ಪಾರ್ಕರ್ 34ನೆಯ ವಯಸ್ಸಿನಲ್ಲಿ, ಟ್ರಂಪೆಟ್‌ನ ಕ್ಲಿಫರ್ಡ್ ಬ್ರೌನ್ 25ನೆಯ ವಯಸ್ಸಿನಲ್ಲಿ ತೀರಿಕೊಂಡರು. ದೀರ್ಘಕಾಲ ನುಡಿಸಿದವರನ್ನು ನೋಡಿದರೆ, ಅವರನ್ನು ಉಳಿಸಿದ್ದು ಎದೆಯ ಬಲವೊಂದೇ ಅಲ್ಲ, ಅವರು ನುಡಿಸುತ್ತಿದ್ದ ವ್ಯವಸ್ಥೆಯೂ ಹೌದು ಎಂಬುದು ನನ್ನ ಅಭಿಪ್ರಾಯ.

ಹ್ಯಾರಿ ಕಾರ್ನಿ ಅವರು ಡ್ಯೂಕ್ ಎಲಿಂಗ್ಟನ್ ಅವರ ಜಾಝ್ ಬ್ಯಾಂಡಿನಲ್ಲಿ 1927ರಿಂದ 1974ರವರೆಗೆ ಬ್ಯಾರಿಟೋನ್ ಎಂಬ, ಮಂದ್ರ ಸ್ವರದ ದೊಡ್ಡ ಸ್ಯಾಕ್ಸೋಫೋನ್ ನುಡಿಸಿದರು. ಕೆನ್ನೆಯಲ್ಲಿ ಹಿಡಿದ ಗಾಳಿಯನ್ನು ವಾದ್ಯಕ್ಕೆ ದೂಡುತ್ತಲೇ ಮೂಗಿನಿಂದ ಉಸಿರೆಳೆದುಕೊಂಡು ಸ್ವರ ಕಡಿಯದಂತೆ ನುಡಿಸುವ ವಿದ್ಯೆ ಅವರಿಗೆ ಕರಗತವಾಗಿತ್ತು. ನಮ್ಮ ಹಾವಾಡಿಗರ ಪುಂಗಿಯದೂ ಇದೇ ಉಪಾಯ. ಆದರೆ ಕಾರ್ನಿ ಅವರ ಪಕ್ಕದಲ್ಲಿ ಇನ್ನೂ ಮೂರು ನಾಲ್ಕು ಸ್ಯಾಕ್ಸೋಫೋನ್‌ಗಳಿರುತ್ತಿದ್ದವು, ಟ್ರಂಪೆಟ್ ಅಥವಾ ಪಿಯಾನೊ ಮುಂದಾದಾಗ ಇವರಿಗೆ ಬಿಡುವು ಸಿಗುತ್ತಿತ್ತು. ವಾಲಗದಲ್ಲಿಯೋ, ಡೋಲು ಎಷ್ಟೇ ಗಟ್ಟಿಯಾಗಿದ್ದರೂ ರಾಗದ ಭಾರವೆಲ್ಲ ಒಬ್ಬರ ಉಸಿರಿನ ಮೇಲೆಯೇ ಬೀಳುತ್ತದೆ.

ತಮಗೆ ಇನ್ನೂ ಹತ್ತಿರವಾಗುವವರು ಟ್ರಂಪೆಟ್ ವಾದಕ ಡಾಕ್ ಚೀಥಮ್. 1905ರಲ್ಲಿ ನ್ಯಾಶ್‌ವಿಲ್‌ನಲ್ಲಿ ಹುಟ್ಟಿದ ಅವರು ಕ್ಯಾಬ್ ಕ್ಯಾಲೊವೇ ಮೊದಲಾದವರ ದೊಡ್ಡ ಬ್ಯಾಂಡುಗಳಲ್ಲಿ ಬಹುಕಾಲ ದುಡಿದರೂ, ಸ್ವತಂತ್ರ ವಾದಕರೆಂದು ದೊಡ್ಡ ಹೆಸರು ಪಡೆದದ್ದು ಎಪ್ಪತ್ತರ ಆಸುಪಾಸಿನಲ್ಲಿ. ಆ ವಯಸ್ಸಿನಲ್ಲಿ ಅವರು ತಮ್ಮ ವಾದನವನ್ನು ಟೇಪಿನಲ್ಲಿ ಧ್ವನಿಮುದ್ರಿಸಿಕೊಂಡು, ಕಟುವಾಗಿ ಪರೀಕ್ಷಿಸಿ, ರೂಢಿಯಿಂದ ಕೈಗೆ ಬರುತ್ತಿದ್ದ ಸವಕಲು ವರಸೆಗಳನ್ನು ತೆಗೆದುಹಾಕಿದರು. ಕೊನೆಗೆ, ತಮಗಿಂತ 68 ವರ್ಷ ಕಿರಿಯರಾದ ನಿಕೊಲಸ್ ಪೇಟನ್ ಅವರ ಜೊತೆ ಧ್ವನಿಮುದ್ರಿಸಿ, 1997ರಲ್ಲಿ ತೊಂಬತ್ತೆರಡು ತುಂಬಲು ಕೆಲವೇ ದಿನಗಳಿದ್ದಾಗ ತೀರಿಕೊಂಡರು. ಆ ಧ್ವನಿಮುದ್ರಣಕ್ಕೆ ಮರುವರ್ಷ ಗ್ರ್ಯಾಮಿ ಪ್ರಶಸ್ತಿ ಬಂತು.

ಆದ್ದರಿಂದ ತಾವು ಬಿಡಬೇಕಾಗಿಲ್ಲ. ಮೊದಲು ಶ್ವಾಸಕೋಶದ ವೈದ್ಯರನ್ನು ಕಾಣಿರಿ. ಉಸಿರು ಸೋಲುವುದನ್ನೆಲ್ಲ ವಯಸ್ಸಿನ ತಲೆಗೆ ಕಟ್ಟುವುದು ಸರಿಯಲ್ಲ. ತಂಡಕ್ಕೆ ಇನ್ನೊಬ್ಬ ಕಿರಿಯ ವಾದಕರನ್ನು ಸೇರಿಸಿಕೊಂಡು, ಮೆರವಣಿಗೆಯ ಭಾರವನ್ನು ಅವರಿಗೆ ವಹಿಸಿ, ಕೂತು ನುಡಿಸುವ ಕೀರ್ತನೆಗಳನ್ನು ತಾವೇ ಇಟ್ಟುಕೊಳ್ಳಿರಿ; ಸಂಭಾವನೆ ಹಂಚಿಹೋಗುತ್ತದೆ ಎಂಬ ಸಂಕಟ ನನಗೂ ಗೊತ್ತು. ತಮ್ಮ ವಾದ್ಯದ ರೀಡ್ (ಊದಿದಾಗ ಕಂಪಿಸುವ ತೆಳು ಪಟ್ಟಿ) ಮೂರನೆಯ ನಂಬರಿನದಾಗಿದ್ದರೆ, ಅದಕ್ಕಿಂತ ಮೆದುವಾದ ಎರಡೂವರೆಯದನ್ನು ಹಾಕಿ ನೋಡಿರಿ: ನಾದ ತುಸು ತೆಳುವಾದೀತು, ಆದರೆ ಅದು ಕಡಿಮೆ ಒತ್ತಡಕ್ಕೇ ನುಡಿಯುತ್ತದೆ.