ಲಿವರ್ ತೊಂದರೆ ಇದ್ದವರಿಗೆ ಹಲ್ಲು ಕೀಳುವ ಮೊದಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ತಂದೆಗೆ ಸಿರೋಸಿಸ್ (ಲಿವರ್ ಹಾಳಾಗಿ ಗಡುಸಾಗುವ ಕಾಯಿಲೆ) ಇದೆ. ದವಡೆ ಹಲ್ಲೊಂದನ್ನು ಕೀಳಿಸಬೇಕು. ಎಸ್‌ಜಿಪಿಟಿ ನಾರ್ಮಲ್ ಬಂದಿದೆ. ಆದರೂ ದಂತವೈದ್ಯರು ಪ್ಲೇಟ್‌ಲೆಟ್ (ಹೆಪ್ಪುಗಟ್ಟಲು ನೆರವಾಗುವ ರಕ್ತಕಣ) ಎಣಿಕೆ, ಪಿಟಿ-ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಪರೀಕ್ಷೆ; ಸಂಖ್ಯೆ ಹೆಚ್ಚಿದಷ್ಟೂ ತಡ) ಮಾಡಿಸದೆ ಹಲ್ಲು ಮುಟ್ಟುವುದಿಲ್ಲ ಎನ್ನುತ್ತಾರೆ. ಇದು ಅತಿಯಾಯಿತಲ್ಲವೇ?

ಉತ್ತರ: ಖಂಡಿತ ಇಲ್ಲ. ಎಸ್‌ಜಿಪಿಟಿ ಎಂಬುದು ಲಿವರ್ ಜೀವಕೋಶಗಳ ಒಳಗಿರುವ ಕಿಣ್ವ. ಕೋಶಗಳಿಗೆ ಪೆಟ್ಟು ಬಿದ್ದಾಗ ಅದು ರಕ್ತಕ್ಕೆ ಸೋರುತ್ತದೆ. ಸಿರೋಸಿಸ್ ಬಲಿತ ಮೇಲೆ ಸೋರಲು ಕೋಶಗಳೇ ಹೆಚ್ಚು ಉಳಿದಿರುವುದಿಲ್ಲ, ಹಾಗಾಗಿ ವರದಿ ನಾರ್ಮಲ್ ಬರಬಹುದು. ಲಿವರ್ ತನ್ನ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ನೋಡಬೇಕಾದದ್ದು ಅಲ್ಬುಮಿನ್ (ಲಿವರ್ ತಯಾರಿಸುವ ಪ್ರೋಟೀನ್), ಬಿಲಿರುಬಿನ್ (ಲಿವರ್ ಹೊರಹಾಕುವ ಹಳದಿ ವಸ್ತು) ಮತ್ತು ಐಎನ್‌ಆರ್.

ರಕ್ತ ಹೆಪ್ಪುಗಟ್ಟಿಸುವ ಅಂಶಗಳಲ್ಲಿ ಹೆಚ್ಚಿನವು ತಯಾರಾಗುವುದು ಲಿವರ್‌ನಲ್ಲೇ. ಅವುಗಳಲ್ಲಿ ಏಳನೆಯ ಅಂಶದ ಆಯಸ್ಸು ಕೆಲವೇ ಗಂಟೆ. ತಯಾರಿಕೆ ಕುಂಟಿದರೆ ಮೊದಲು ಕೊರತೆಯಾಗುವುದು ಅದೇ, ಐಎನ್‌ಆರ್ ಏರುವುದೂ ಅದರಿಂದಲೇ. ಜೊತೆಗೆ ಲಿವರ್ ಗಡುಸಾದಾಗ ಗುಲ್ಮ ದೊಡ್ಡದಾಗಿ ಪ್ಲೇಟ್‌ಲೆಟ್‌ಗಳನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಮಾಮೂಲಾಗಿ ಮೈಕ್ರೋಲೀಟರ್‌ಗೆ 1.5ರಿಂದ 4.5 ಲಕ್ಷ ಇರಬೇಕಾದದ್ದು 50,000ಕ್ಕಿಂತ ಕೆಳಗಿಳಿದರೆ, ಲಿವರ್ ತಜ್ಞರ ಜೊತೆ ಮಾತಾಡದೆ ಹಲ್ಲು ಕೀಳಬಾರದು.

ಐಎನ್‌ಆರ್ ವಿಷಯ ಇಷ್ಟು ನೇರವಲ್ಲ. ಸಿರೋಸಿಸ್‌ನಲ್ಲಿ ಹೆಪ್ಪುಗಟ್ಟಿಸುವ ಅಂಶಗಳ ಜೊತೆಗೆ, ಹೆಪ್ಪುಗಟ್ಟುವುದನ್ನು ತಡೆಯುವ ಪ್ರೋಟೀನ್‌ಗಳೂ ಕಡಿಮೆಯಾಗಿರುತ್ತವೆ. ಪರೀಕ್ಷೆ ಅಳೆಯುವುದು ಮೊದಲನೆಯದನ್ನು ಮಾತ್ರ. ಆದ್ದರಿಂದ ಸಂಖ್ಯೆ ಜಾಸ್ತಿ ಕಂಡ ಕೂಡಲೇ ಪ್ಲಾಸ್ಮಾ (ಹೆಪ್ಪುಗಟ್ಟಿಸುವ ಅಂಶಗಳಿರುವ, ರಕ್ತದ ದ್ರವಭಾಗ) ಏರಿಸುವುದು ಜಾಣತನವಲ್ಲ.

ಬಾಯಿಯೊಳಗೆ ಮಾಡುವ ಕೆಲಸಕ್ಕೇ ಇಲ್ಲಿ ತೂಕ ಜಾಸ್ತಿ. ಒಂದು ಸಲಕ್ಕೆ ಒಂದೋ ಎರಡೋ ಹಲ್ಲು, ಅದೂ ಬೆಳಗಿನ ಹೊತ್ತು. ಸಂಜೆಯೊಳಗೆ ರಕ್ತ ಜಿನುಗಿದರೆ ವೈದ್ಯರು ಸಿಗುತ್ತಾರೆ. ಕಿತ್ತ ಗುಳಿಗೆ ಜೆಲಟಿನ್ ಸ್ಪಂಜು ತುಂಬಿ ಹೊಲಿಗೆ ಹಾಕಬೇಕು. ಮೇಲೆ ಗಾಜ್ ಇಟ್ಟು ಅರ್ಧ ಗಂಟೆ ಬಿಗಿಯಾಗಿ ಕಚ್ಚಿ ಹಿಡಿಯಬೇಕು. ಐದೈದು ನಿಮಿಷಕ್ಕೆ ತೆಗೆದು ನೋಡುವ ಚಾಳಿಯಿಂದಲೇ ಅರ್ಧ ತೊಂದರೆ: ಹೆಪ್ಪು ಗಾಜ್‌ಗೆ ಅಂಟಿಕೊಂಡು ಕಿತ್ತು ಬರುತ್ತದೆ. ಮೊದಲ ದಿನ ಬಾಯಿ ಮುಕ್ಕಳಿಸುವುದು, ಜೋರಾಗಿ ಉಗುಳುವುದು, ಸ್ಟ್ರಾದಲ್ಲಿ ಹೀರುವುದು, ಬಿಸಿ ಪದಾರ್ಥ ಯಾವುದೂ ಬೇಡ.

ಇನ್ನೊಂದು ಎಚ್ಚರ. ಜಿನುಗುವ ರಕ್ತವನ್ನು ನುಂಗುತ್ತಾ ಕೂರಬಾರದು. ರಕ್ತವೆಂದರೆ ಪ್ರೋಟೀನ್, ಕರುಳಿನಲ್ಲಿ ಅದರಿಂದ ಅಮೋನಿಯಾ ಹುಟ್ಟುತ್ತದೆ. ಸೋತ ಲಿವರ್‌ಗೆ ಅದನ್ನು ತೆಗೆದುಹಾಕಲು ಆಗದೆ, ಮಂಪರು, ಗೊಂದಲ, ಕೈ ನಡುಕ ಶುರುವಾಗಬಹುದು. ಹೀಗಾದರೆ ಹಲ್ಲಿನ ವೈದ್ಯರಲ್ಲಿಗಲ್ಲ, ತಕ್ಷಣ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಒಂದು ಲ್ಯಾಬ್‌ನಲ್ಲಿ ಐಎನ್‌ಆರ್ 2.1, ಮರುದಿನ ಇನ್ನೊಂದರಲ್ಲಿ 1.3. ಯಾವುದನ್ನು ನಂಬುವುದು?

ಉತ್ತರ: ಮೊದಲು ರಕ್ತ ತೆಗೆದ ಟ್ಯೂಬಿನ ಮೇಲೆ ಅನುಮಾನಪಡಿ. ಈ ಪರೀಕ್ಷೆಯ ನೀಲಿ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ ದ್ರಾವಣ ಇರುತ್ತದೆ. ಅದರ ಒಂದು ಪಾಲಿಗೆ ರಕ್ತ ಒಂಬತ್ತು ಪಾಲು ಸರಿಯಾಗಿ ಬೀಳಬೇಕು. ನರ ಸಿಗದೆ ಅರ್ಧ ಟ್ಯೂಬಿಗೇ ನಿಲ್ಲಿಸಿದರೆ ಸಿಟ್ರೇಟ್ ಹೆಚ್ಚಾಗಿ, ಹೆಪ್ಪುಗಟ್ಟುವ ಸಮಯ ಸುಳ್ಳೇ ಉದ್ದವಾಗುತ್ತದೆ. ಗುರುತಿನ ಗೆರೆಯವರೆಗೆ ತುಂಬಿಸಿ ಮತ್ತೊಮ್ಮೆ ಮಾಡಿಸಿ. ನಡುವೆ, ಹೆಪ್ಪುಗಟ್ಟಿಸುವ ಕೆಲವು ಅಂಶಗಳ ತಯಾರಿಕೆಗೆ ಬೇಕಾದ ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟಿದ್ದರೆ ಮಾತ್ರ ಇಳಿಕೆ ನಿಜವಿರಬಹುದು. ಪಿತ್ತನಾಳ ಕಟ್ಟಿಕೊಂಡು ಕಾಮಾಲೆ ಬಂದವರಲ್ಲಿ ಆ ವಿಟಮಿನ್ ಕರುಳಿನಿಂದ ಸರಿಯಾಗಿ ಹೀರಲ್ಪಡುವುದಿಲ್ಲ, ಇಂಜೆಕ್ಷನ್‌ಗೆ ಐಎನ್‌ಆರ್ ಬೇಗ ಇಳಿಯುತ್ತದೆ. ಲಿವರ್ ಕೋಶಗಳೇ ಸೋತಿದ್ದರೆ ಅಷ್ಟಾಗಿ ಇಳಿಯದು. ವೈದ್ಯರಿಗೆ ಇದೂ ಒಂದು ಸುಳಿವು.

ಪ್ಲೇಟ್‌ಲೆಟ್‌ಗೂ ಇಂಥದ್ದೇ ಮೋಸವಿದೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಹಾಕಿರುವ ಇಡಿಟಿಎ ಎಂಬ ರಾಸಾಯನಿಕ ಕೆಲವರ ಪ್ಲೇಟ್‌ಲೆಟ್‌ಗಳನ್ನು ಗುಂಪುಗಟ್ಟಿಸುತ್ತದೆ, ಯಂತ್ರ ಗುಂಪನ್ನು ಎಣಿಸುವುದಿಲ್ಲ. ಹಿಂದೆಂದೂ ಇಲ್ಲದಂತೆ ಸಂಖ್ಯೆ ಕುಸಿದು, ಮೈಮೇಲೆ ಒಂದು ಕೆಂಪು ಚುಕ್ಕೆಯೂ ಇಲ್ಲದಿದ್ದರೆ ಸ್ಲೈಡ್ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಲು ಹೇಳಿ.

ಪ್ರಶ್ನೆ: ಫ್ಯಾಟಿ ಲಿವರ್ ಮುಂದುವರಿದು ಸಿರೋಸಿಸ್ ಆಗಿದೆ ಎಂದಿದ್ದಾರೆ. ಹಲ್ಲುನೋವಿಗೆ ಐಬುಪ್ರೊಫೆನ್ ನುಂಗಬಹುದೇ? ಪ್ಯಾರಸಿಟಮಾಲ್ ಲಿವರ್‌ಗೆ ವಿಷ ಅಂತಾರಲ್ಲ?

ಉತ್ತರ: ಜನ ಇಲ್ಲಿ ತಿರುವುಮುರುವಾಗಿ ತಿಳಿದಿರುತ್ತಾರೆ. ಸಿರೋಸಿಸ್‌ನಲ್ಲಿ ದೂರ ಇಡಬೇಕಾದವು ಐಬುಪ್ರೊಫೆನ್, ಡೈಕ್ಲೋಫೆನಾಕ್, ನೋವಿಗೆ ನುಂಗುವ ಆಸ್ಪಿರಿನ್. ಇವು ಮೂತ್ರಪಿಂಡಕ್ಕೆ ರಕ್ತ ಹರಿಯುವುದನ್ನು ತಗ್ಗಿಸುತ್ತವೆ, ರಕ್ತಸ್ರಾವದ ಅಪಾಯವನ್ನೂ ಹೆಚ್ಚಿಸುತ್ತವೆ. ಪ್ಯಾರಸಿಟಮಾಲ್ ಮಿತಿಯಲ್ಲಿದ್ದರೆ ವಾಸಿ: ದಿನಕ್ಕೆ ಒಟ್ಟು 2 ಗ್ರಾಂ, ಎಂದರೆ 500 ಮಿಲಿಗ್ರಾಂನ ನಾಲ್ಕು ಮಾತ್ರೆ ಮೀರದಂತೆ. ಶೀತದ ಮಾತ್ರೆಗಳಲ್ಲೂ ಅದು ಅಡಗಿರುತ್ತದೆ, ಲೆಕ್ಕಕ್ಕೆ ಸೇರಿಸಿಕೊಳ್ಳಿ. ಮದ್ಯಪಾನ ಮಾಡುವವರು, ಊಟ ಬಿಟ್ಟವರು ವೈದ್ಯರನ್ನು ಕೇಳದೆ ಇದನ್ನೂ ನುಂಗಬಾರದು. ಆ್ಯಂಟಿಬಯಾಟಿಕ್ ಬರೆಯುವಾಗ ಲಿವರ್ ವಿಷಯ ದಂತವೈದ್ಯರಿಗೆ ನೀವೇ ಬಾಯಿಬಿಟ್ಟು ಹೇಳಿ. ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನೇಟ್ ಸೇರಿದ ಮಾತ್ರೆಯಿಂದ ಕೆಲವರಿಗೆ, ಮಾತ್ರೆ ಮುಗಿದು ವಾರಗಳಾದ ಮೇಲೂ, ಕಾಮಾಲೆ ಬರುವುದುಂಟು.

ಪ್ರಶ್ನೆ: ವರದಿಯಲ್ಲಿ ಎಚ್‌ಬಿಎಸ್‌ಎಜಿ ನೆಗೆಟಿವ್, ಆ್ಯಂಟಿ-ಎಚ್‌ಬಿಎಸ್ 340 ಎಂದಿದೆ. ನನಗೆ ಹೆಪಟೈಟಿಸ್ ಬಿ ಇದೆಯೇ?

ಉತ್ತರ: ಇಲ್ಲ. ಮೊದಲನೆಯದು ವೈರಸ್ಸಿನ ಹೊರಕವಚದ ಅಂಶ, ನಿಮ್ಮಲ್ಲಿ ಸಿಕ್ಕಿಲ್ಲ. ಎರಡನೆಯದು ಅದರ ವಿರುದ್ಧದ ರಕ್ಷಣೆ. 10 ದಾಟಿದರೆ ಸಾಕು, ನಿಮಗೆ ಧಾರಾಳವಾಗಿದೆ. ಅದು ಲಸಿಕೆಯಿಂದ ಬಂದದ್ದೋ ಹಿಂದೆಂದೋ ಸೋಂಕು ತಗುಲಿ ವಾಸಿಯಾದದ್ದೋ ತಿಳಿಯಬೇಕಿದ್ದರೆ ಆ್ಯಂಟಿ-ಎಚ್‌ಬಿಸಿ (ವೈರಸ್ಸಿನ ಒಳತಿರುಳಿನ ವಿರುದ್ಧದ ಪ್ರತಿಕಾಯ) ಪರೀಕ್ಷೆ ಬೇಕು. ಲಸಿಕೆಯಿಂದಷ್ಟೇ ಬಂದಿದ್ದರೆ ಅದು ನೆಗೆಟಿವ್.