ಕಂಪನಿ ಕೆಲಸ ಬಿಟ್ಟು ಬಡಾವಣೆಯಲ್ಲಿ ಕಾಫಿ ಅಂಗಡಿ ಇಟ್ಟರೆ ಸಂಸಾರ ನಡೆಯುತ್ತದೆಯೇ?

ಸಾಫ್ಟ್‌ವೇರ್ ಕೆಲಸ ಬಿಟ್ಟು ಬೆಂಗಳೂರಿನಲ್ಲಿ ಮನೆಯ ಹತ್ತಿರವೇ ಫಿಲ್ಟರ್ ಕಾಫಿ ಅಂಗಡಿ ತೆರೆಯುವ ಯೋಚನೆಯಲ್ಲಿದ್ದೀರಿ, ಅದರಿಂದ ಸಂಸಾರ ನಡೆಯುತ್ತದೆಯೇ ಎಂದು ಕೇಳಿದ್ದೀರಿ. ನಾನು ಪ್ರಾಜೆಕ್ಟ್ ಮ್ಯಾನೇಜರ್ ಹುದ್ದೆ ಬಿಟ್ಟು ಬನಶಂಕರಿ ಕಡೆ ಇಂಥದೇ ಅಂಗಡಿ ನಡೆಸುತ್ತಿರುವವನು. ಸಂಸಾರ ನಡೆಯುತ್ತದೆ, ಆದರೆ ಈ ವ್ಯಾಪಾರದಲ್ಲಿ ಲಾಭ ಉಳಿಯುವುದು ಪೈಸೆಗಳಲ್ಲಿ, ಆ ಪೈಸೆಗಳನ್ನು ದಿನವೂ ಅಂಗಡಿಯಲ್ಲೇ ನಿಂತು ಕಾಯುವವರಿಗೆ ಮಾತ್ರ.

ಹಾಲಿನ ಲೆಕ್ಕವನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ಒಂದು ಲೀಟರ್ ಹಾಲಿಗೆ ಸುಮಾರು ಹನ್ನೆರಡು ಲೋಟ ಕಾಫಿಯಾಗುತ್ತದೆ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿನ ದರ ಲೀಟರಿಗೆ 4 ರೂಪಾಯಿ ಏರಿದಾಗ ಒಂದು ಲೋಟದ ಮೇಲೆ ಬಿದ್ದದ್ದು ಮೂವತ್ಮೂರು ಪೈಸೆ. ದಿನಕ್ಕೆ 400 ಲೋಟ ಹೋಗುವ ಅಂಗಡಿಗೆ ಅದು ತಿಂಗಳಿಗೆ 4,000 ರೂಪಾಯಿ. ಅದೇ ಹೊತ್ತಿಗೆ ಬ್ರೆಜಿಲ್ ಮತ್ತು ವಿಯೆಟ್ನಾಂನಲ್ಲಿ ಮಳೆ ಕೈಕೊಟ್ಟ ಕಾರಣ ಕಾಫಿ ಬೀಜದ ಬೆಲೆಯೂ ಏರಿತ್ತು. ಹಾಗೆಂದು 15 ರೂಪಾಯಿಯ ಕಾಫಿಯನ್ನು ಹದಿನೈದೂವರೆಗೆ ಮಾರಲಾಗದು. ಹದಿನೆಂಟು ಮಾಡಿದರೆ ದಿನಕ್ಕೆ ಮೂರು ಸಲ ಬರುತ್ತಿದ್ದವರು ಎರಡು ಸಲ ಬರುತ್ತಾರೆ, ಇಲ್ಲವೇ ಬೈಟು ಹೇಳುತ್ತಾರೆ. ಬೆಲೆ ಏರಿಸುವ ಬದಲು ಕೆಲವರು ಪುಡಿಗೆ ಚಿಕೋರಿ ಹೆಚ್ಚಿಸುತ್ತಾರೆ. ಡಿಕಾಕ್ಷನ್ನಿನ ಬಣ್ಣವೇನೋ ಗಟ್ಟಿಯಾಗಿ ಕಾಣುತ್ತದೆ, ಆದರೆ ದಿನವೂ ಕುಡಿಯುವವರ ನಾಲಿಗೆಗೆ ಎರಡೇ ದಿನದಲ್ಲಿ ಗೊತ್ತಾಗುತ್ತದೆ.

ಡಿಕಾಕ್ಷನ್ ಬಗ್ಗೆ ಒಂದು ಮಾತು. ಅದನ್ನು ನೇರವಾಗಿ ಒಲೆಯ ಮೇಲಿಟ್ಟು ಬಿಸಿ ಮಾಡಿದರೆ ಕಹಿಯೇರುತ್ತದೆ, ಆದ್ದರಿಂದ ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕಾಯ್ದುಕೊಳ್ಳಬೇಕು. ಜನ ಬರುವ ರಭಸಕ್ಕೆ ತಕ್ಕಂತೆ ಸ್ವಲ್ಪ ಸ್ವಲ್ಪವೇ ಇಳಿಸಿಕೊಳ್ಳಬೇಕು. ಬೆಳಗಿನ ವಾಕಿಂಗ್ ಮುಗಿಸಿ ಬರುವ ಹಿರಿಯರೊಬ್ಬರು ಲೋಟವನ್ನು ಬಾಯಿಗೆ ಇಡದೆಯೇ, ಬರೀ ವಾಸನೆಯಿಂದ, ಇದು ಹಳೆಯ ಡಿಕಾಕ್ಷನ್ ಎಂದು ಹೇಳಿಬಿಡುತ್ತಾರೆ. ಇಂಥ ಗಿರಾಕಿಗಳು ಕಾಟ ಕೊಡುತ್ತಾರೆ ಎನ್ನಿಸಿದರೂ ಅಂಗಡಿಯ ಹೆಸರನ್ನು ಬಡಾವಣೆಯಲ್ಲೆಲ್ಲ ಹರಡುವವರೂ ಅವರೇ.

ಸೋಫಾ, ವೈಫೈ ಇರುವ ಕೆಫೆಯ ಕನಸಿದ್ದರೆ ನನ್ನ ಸಲಹೆ ಬೇಡವೆಂದೇ. ಒಂದು ಕಪ್ ಹಿಡಿದು ಲ್ಯಾಪ್‌ಟಾಪ್ ಮುಂದೆ ಎರಡು ಗಂಟೆ ಕೂರುವವರಿಂದ ಬೆಂಗಳೂರಿನ ಬಾಡಿಗೆ ಹುಟ್ಟುವುದಿಲ್ಲ. ಟೋಕನ್ ತೆಗೆದುಕೊಂಡು ನಿಂತು ಕುಡಿದು ಹೋಗುವ ದರ್ಶಿನಿಗಳ ಪದ್ಧತಿ 1980ರ ದಶಕದಿಂದ ಈ ಊರಿನಲ್ಲಿ ಉಳಿದುಬಂದಿರುವುದಕ್ಕೆ ಕಾರಣ ಕಡಿಮೆ ಜಾಗ, ಕಡಿಮೆ ಆಳು, ಹೆಚ್ಚು ಲೋಟ ಎಂಬ ಲೆಕ್ಕವೇ.

ಕಾಗದಪತ್ರಗಳಲ್ಲಿ ಪಾಲಿಕೆಯ ಟ್ರೇಡ್ ಲೈಸೆನ್ಸ್, ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐ ಪ್ರಾಧಿಕಾರದ ನೋಂದಣಿ, 19 ಕೆ.ಜಿ.ಯ ವಾಣಿಜ್ಯ ಸಿಲಿಂಡರ್ ಇವೆಲ್ಲ ಓಡಾಡಿದರೆ ಆಗುವಂಥವು. ಜಿಎಸ್‌ಟಿಯನ್ನು ಮಾತ್ರ ಮೊದಲೇ ಯೋಚಿಸಿ. ಹೋಟೆಲು ಸೇವೆಯ ಲೆಕ್ಕಕ್ಕೆ ಬರುವುದರಿಂದ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು. ದಿನಕ್ಕೆ 15 ರೂಪಾಯಿಯ 400 ಲೋಟ ಮಾರಿದರೆ ವರ್ಷ ತುಂಬುವ ಮೊದಲೇ ಅದು ದಾಟುತ್ತದೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಬಂದಾಗ ಎಷ್ಟೋ ಅಂಗಡಿಗಳವರು ಕ್ಯೂಆರ್ ಕೋಡ್ ಕಿತ್ತು ನಗದು ಮಾತ್ರ ಎಂಬ ಬೋರ್ಡು ಹಾಕಿದ್ದರು. ಸಣ್ಣ ವ್ಯಾಪಾರಿಗಳು ಒಟ್ಟು ವಹಿವಾಟಿನ ಮೇಲೆ ನಿಗದಿತ ದರದಲ್ಲಿ ತೆರಿಗೆ ಕಟ್ಟುವ ಕಾಂಪೊಸಿಷನ್ ಪದ್ಧತಿಯಲ್ಲಿ ಶೇ 5 ಕಟ್ಟಿ ನೆಮ್ಮದಿಯಾಗಿರುವುದು ಮೇಲು, ಆದರೆ ಆ ತೆರಿಗೆಯನ್ನು ಗಿರಾಕಿಯಿಂದ ಪ್ರತ್ಯೇಕವಾಗಿ ವಸೂಲಿ ಮಾಡುವಂತಿಲ್ಲ, ನಿಮ್ಮ ಹದಿನೈದು ರೂಪಾಯಿಯೊಳಗೇ ಹೋಗಬೇಕು.

ರಾಜೀನಾಮೆ ಕೊಡುವ ಮೊದಲು ಆರೋಗ್ಯ ವಿಮೆಯನ್ನು ನೋಡಿಕೊಳ್ಳಿ. ಕಂಪನಿಯ ಗುಂಪು ವಿಮೆ ಕೆಲಸದೊಂದಿಗೇ ಮುಗಿಯುತ್ತದೆ. ಹೊಸ ಪಾಲಿಸಿಯಲ್ಲಿ ಮೊದಲೇ ಇರುವ ಕಾಯಿಲೆಗಳಿಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿಕೊಳ್ಳಲು ಅವಕಾಶವಿದೆಯೇ ಎಂದು, ಎಚ್‌ಆರ್‌ನವರು ನಿಮ್ಮ ಫೋನ್ ಎತ್ತುತ್ತಿರುವಾಗಲೇ, ಕೇಳಿ ತಿಳಿದುಕೊಳ್ಳಿ.