ಕಾಲಿಡಲು ಬಿಡದ ದ್ವೀಪಕ್ಕೆ ಹೋಗುವುದೇಕೆ?

ನ್ಯೂಜಿಲೆಂಡಿನ ದಕ್ಷಿಣಕ್ಕಿರುವ ಉಪ-ಅಂಟಾರ್ಕ್ಟಿಕ್ ದ್ವೀಪಗಳ ಹಡಗು ಪ್ರವಾಸವನ್ನು ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ, ಧಾರವಾಡದ ನಿವೃತ್ತ ಉಪಾಧ್ಯಾಯರೊಬ್ಬರು ಆರು ಪುಟಗಳ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು: ಲಕ್ಷಗಟ್ಟಲೆ ಹಣ ತೆಗೆದುಕೊಂಡು ಸ್ನೇರ್ಸ್ ದ್ವೀಪದ ತನಕ ಕರೆದೊಯ್ದು, ಇಳಿಯಲು ಬಿಡದೆ ರಬ್ಬರ್ ದೋಣಿಯಲ್ಲೇ ಸುತ್ತಾಡಿಸಿ ತರುವುದು ತಿರುಪತಿಗೆ ಹೋಗಿ ಗೋಪುರ ನೋಡಿ ಮರಳಿದಂತಲ್ಲವೆ? ಅಷ್ಟೊಂದು ಸೂಕ್ಷ್ಮವಾದ ಜಾಗವಾದರೆ ಯಾರನ್ನೂ ಬಿಡದೆ ಮುಚ್ಚಿಬಿಡಬಾರದೇಕೆ? ಲೇಖನದಲ್ಲಿ ಬಂದ ‘ಸಂಶಯಾಸ್ಪದ ಸದ್ದು’ ಎಂಬ ಊರು ಯಾವುದು? ಕೊನೆಯದಾಗಿ, ಆಕ್ಲೆಂಡಿನಲ್ಲಿರುವ ಮಗಳು ಬರಲು ಒತ್ತಾಯಿಸುತ್ತಿದ್ದಾಳೆ, ಆಕೆಯ ಮನೆಯಿಂದ ಆಕ್ಲೆಂಡ್ ದ್ವೀಪಗಳಿಗೆ ಎರಡು ದಿನದಲ್ಲಿ ಹೋಗಿಬರಬಹುದೆ?

ಮಾನ್ಯರೇ,

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ‘ಸಂಶಯಾಸ್ಪದ ಸದ್ದು’ ಎಂಬ ಊರು ಭೂಮಿಯ ಮೇಲೆ ಇಲ್ಲ. ಅದು ಡೌಟ್‌ಫುಲ್ ಸೌಂಡ್, ನ್ಯೂಜಿಲೆಂಡಿನ ಎರಡು ಮುಖ್ಯ ದ್ವೀಪಗಳಲ್ಲಿ ಒಂದಾದ ದಕ್ಷಿಣ ದ್ವೀಪದ ನೈಋತ್ಯ ಅಂಚಿನ ಫಿಯರ್ಡ್‌ಲ್ಯಾಂಡಿನಲ್ಲಿರುವ ಒಂದು ಕಡಲ ಚಾಚು. ಹಾಗೆ ನೆಲದೊಳಕ್ಕೆ ನುಗ್ಗಿದ ನೀರಿಗೂ ಇಂಗ್ಲಿಷರು ಸೌಂಡ್ ಎನ್ನುತ್ತಾರೆ. 1770ರಲ್ಲಿ ಅದರ ಬಾಯಿಯ ಮುಂದೆ ಹಾದುಹೋದ ಕ್ಯಾಪ್ಟನ್ ಜೇಮ್ಸ್ ಕುಕ್, ಒಳಹೊಕ್ಕರೆ ತನ್ನ ಹಾಯಿಹಡಗಿಗೆ ಹೊರಬರಲು ಬೇಕಾದ ಗಾಳಿ ಸಿಗುವುದೋ ಇಲ್ಲವೋ ಎಂಬ ಅನುಮಾನದಿಂದ ಅದಕ್ಕೆ ಡೌಟ್‌ಫುಲ್ ಹಾರ್ಬರ್ ಎಂದು ಹೆಸರಿಟ್ಟು ಮುಂದೆ ಸಾಗಿದ. ಕರಡು ತಿದ್ದಿದವನು ನಾನೇ ಆದ್ದರಿಂದ ಲೇಖಕರನ್ನು ದೂರುವಂತಿಲ್ಲ. ನಿಜಕ್ಕೆ ಸೌಂಡ್ ಎಂಬ ಹೆಸರೂ ಅಲ್ಲಿ ಸಲ್ಲದು. ನದಿ ಕೊರೆದ ಕಣಿವೆಗೆ ಕಡಲು ನುಗ್ಗಿದರೆ ಸೌಂಡ್, ಹಿಮನದಿ ಕೊರೆದದ್ದಕ್ಕೆ ನುಗ್ಗಿದರೆ ಫಿಯರ್ಡ್. ಮಿಲ್ಫರ್ಡ್, ಡೌಟ್‌ಫುಲ್, ಡಸ್ಕಿ ಮೂರೂ ಎರಡನೆಯ ಜಾತಿಯವು. ತಾವು ಸೂಚಿಸಿರುವ ‘ಕಡಲಗಣಿವೆ’ ಎಂಬ ಪದ ನನಗೆ ಹಿಡಿಸಿತು, ಮುಂದೆ ಬಳಸುತ್ತೇವೆ.

ಆ ಕಡಲಗಣಿವೆಗಳ ಒಂದು ಸೋಜಿಗ ನಮ್ಮ ಲೇಖನದಲ್ಲಿ ಬಿಟ್ಟುಹೋಗಿತ್ತು. ಮಿಲ್ಫರ್ಡಿನಲ್ಲಿ ವರ್ಷಕ್ಕೆ 6,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆಗುಂಬೆಯ ಸಾಲಿಗೆ ಸೇರುವ ಮಳೆಯಾದರೂ ಅದು ಮುಂಗಾರಿನ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುವುದಿಲ್ಲ, ವರ್ಷವಿಡೀ ಬೀಳುತ್ತಲೇ ಇರುತ್ತದೆ. ಕಾಡಿನ ತರಗೆಲೆಯಲ್ಲಿ ನೆನೆದು ಇಳಿದುಬರುವ ಆ ನೀರು ತೆಳು ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿ, ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ಒಂದು ಪದರವಾಗಿ ನಿಲ್ಲುತ್ತದೆ. ಕೆಳಗೆ ಬೆಳಕು ಇಳಿಯದ ಕಾರಣ, ಬೇರೆಡೆ ಬಹಳ ಆಳದಲ್ಲಿ ಬದುಕುವ ಕಪ್ಪು ಹವಳ ಇಲ್ಲಿ ಹತ್ತು ಮೀಟರಿನಷ್ಟು ಮೇಲೆಯೇ ಸಿಗುತ್ತದೆ.

ಇನ್ನು ತಮ್ಮ ಮುಖ್ಯ ಆಕ್ಷೇಪಕ್ಕೆ ಬರುತ್ತೇನೆ. ಸ್ನೇರ್ಸ್, ದಕ್ಷಿಣ ದ್ವೀಪದ ಕೆಳಗಿರುವ ಸ್ಟೀವರ್ಟ್ ದ್ವೀಪದಿಂದ ಸುಮಾರು 100 ಕಿ.ಮೀ. ದಕ್ಷಿಣಕ್ಕಿರುವ ಪುಟ್ಟ ಬಂಡೆಗಳ ಗುಂಪು. ಅಲ್ಲಿಗೆ ಇಲಿ, ಬೆಕ್ಕು, ಹಂದಿ, ಕುರಿ ಯಾವುದೂ ಇದುವರೆಗೆ ತಲುಪಿಲ್ಲ. ತಲೆಯ ಮೇಲೆ ಹಳದಿ ಹುಬ್ಬಿನ ಗರಿಯಿರುವ ಸ್ನೇರ್ಸ್ ಪೆಂಗ್ವಿನ್ ಜಗತ್ತಿನಲ್ಲಿ ಬೇರೆಲ್ಲೂ ಗೂಡು ಕಟ್ಟುವುದಿಲ್ಲ. ನೆಲವಾದರೂ ಎಂಥದು? ಹತ್ತಾರು ಲಕ್ಷ ಶಿಯರ್‌ವಾಟರ್ ಹಕ್ಕಿಗಳು ಮೆತ್ತನೆಯ ಮಣ್ಣಿನಲ್ಲಿ ಬಿಲ ಕೊರೆದು ಮರಿ ಮಾಡುವುದರಿಂದ ಅದು ಒಳಗೆಲ್ಲ ಪೊಳ್ಳು. ಒಬ್ಬ ಮನುಷ್ಯ ನಾಲ್ಕು ಹೆಜ್ಜೆ ನಡೆದರೂ ಬಿಲಗಳು ಕುಸಿದಾವು. ತಿರುಪತಿಯ ಹೋಲಿಕೆ ಚೆನ್ನಾಗಿದೆ, ಆದರೆ ಇಲ್ಲಿ ಗರ್ಭಗುಡಿಯ ನೆಲವೇ ಮೊಟ್ಟೆಯ ಚಿಪ್ಪಿನದು ಎಂಬುದನ್ನು ಅದಕ್ಕೆ ಸೇರಿಸಿಕೊಳ್ಳಬೇಕಾಗುತ್ತದೆ. ಸ್ನೇರ್ಸ್ ಮಾತ್ರವಲ್ಲ, ಬೌಂಟಿ ಮತ್ತು ಆಂಟಿಪೋಡ್ಸ್ ದ್ವೀಪಗಳಲ್ಲಿಯೂ ಪ್ರವಾಸಿಗರು ಇಳಿಯುವಂತಿಲ್ಲ. ಆಕ್ಲೆಂಡ್ ಗುಂಪಿನ ಎಂಡರ್ಬಿ, ದಕ್ಷಿಣದ ಕ್ಯಾಂಪ್‌ಬೆಲ್ ಇಂಥ ಕೆಲವೆಡೆ ನ್ಯೂಜಿಲೆಂಡಿನ ಸಂರಕ್ಷಣಾ ಇಲಾಖೆಯ ಪರವಾನಗಿ ಪಡೆದು, ಇಲಾಖೆಯ ಪ್ರತಿನಿಧಿಯೊಬ್ಬರನ್ನು ಹಡಗಿನಲ್ಲಿ ಜೊತೆಗಿಟ್ಟುಕೊಂಡು ಇಳಿಸುತ್ತಾರೆ.

ಈ ಕಟ್ಟುನಿಟ್ಟು ಯಾರದೋ ದೊಡ್ಡಸ್ತಿಕೆಯಿಂದ ಬಂದದ್ದಲ್ಲ, ಅದಕ್ಕೆ ಇನ್ನೂರು ವರ್ಷಗಳ ಕಹಿ ಅನುಭವವಿದೆ. 1806ರಲ್ಲಿ ಆಕ್ಲೆಂಡ್ ದ್ವೀಪಗಳನ್ನು ಕಂಡ ತಿಮಿಂಗಿಲ ಬೇಟೆಯ ಹಡಗಿನ ಕಪ್ತಾನ ಅಬ್ರಹಾಂ ಬ್ರಿಸ್ಟೊ ಮರುವರ್ಷವೇ ಬಂದು ಅಲ್ಲಿ ಹಂದಿಗಳನ್ನು ಬಿಟ್ಟ. ಹಡಗೊಡೆದು ಬಂದವರಿಗೆ ಆಹಾರವಾಗಲಿ ಎಂಬುದು ಆ ಕಾಲದ ರೂಢಿಯ ಸದುದ್ದೇಶ. ಹಂದಿಗಳು ಮುಖ್ಯ ದ್ವೀಪದಲ್ಲಿ ಇಂದಿಗೂ ಇವೆ. ಎಂಡರ್ಬಿಯಲ್ಲಿ ಬಿಟ್ಟ ಮೊಲಗಳ ಬಿಲಗಳಿಗೆ ಕಡಲಸಿಂಹದ ಮರಿಗಳು ತೂರಿ, ಹಿಂದೆ ಸರಿಯಲಾಗದೆ ಒಳಗೇ ಸತ್ತವು. ಆ ಮೊಲಗಳನ್ನು ತೆಗೆಯುವ ಹೊತ್ತಿಗೆ 1993 ಬಂತು. ಕ್ಯಾಂಪ್‌ಬೆಲ್ ದ್ವೀಪದ ಹಾರಲಾರದ ಪುಟ್ಟ ಟೀಲ್ ಬಾತು ಇಲಿಗಳ ದೆಸೆಯಿಂದ ಅಳಿದೇಹೋಯಿತು ಎಂದು ತಿಳಿದಿದ್ದಾಗ, 1975ರಲ್ಲಿ ಪಕ್ಕದ ಡೆಂಟ್ ಎಂಬ ಬಂಡೆದ್ವೀಪದಲ್ಲಿ ಬೆರಳೆಣಿಕೆಯಷ್ಟು ಸಿಕ್ಕಿದವು. 2001ರ ಚಳಿಗಾಲದಲ್ಲಿ ಹೆಲಿಕಾಪ್ಟರುಗಳಿಂದ ವಿಷದ ಕಾಳು ಚೆಲ್ಲಿ ಸುಮಾರು 11,000 ಹೆಕ್ಟೇರಿನ ಆ ದ್ವೀಪದಿಂದ ಇಲಿಗಳನ್ನು ಒಂದೂ ಉಳಿಯದಂತೆ ತೆಗೆದರು. ಸಾಕಿ ಬೆಳೆಸಿದ ಬಾತುಗಳು ಆಮೇಲೆ ತವರಿಗೆ ಮರಳಿದವು.

ಫಿಯರ್ಡ್‌ಲ್ಯಾಂಡಿನಲ್ಲೂ ಇದೇ ಕತೆ, ಆದರೆ ಅದು ಹೆಚ್ಚು ನೋಯಿಸುವಂಥದು. ಡಸ್ಕಿ ಸೌಂಡಿನ ರೆಸಲ್ಯೂಷನ್ ದ್ವೀಪಕ್ಕೆ 1894ರಲ್ಲಿ ಪಾಲಕನಾಗಿ ನೇಮಕಗೊಂಡ ರಿಚರ್ಡ್ ಹೆನ್ರಿ, ಹಾರಲಾರದ ಕಾಕಪೋ ಗಿಳಿ ಮತ್ತು ಕಿವಿ ಹಕ್ಕಿಗಳನ್ನು ನೂರಾರು ಸಂಖ್ಯೆಯಲ್ಲಿ ಹಿಡಿದು, ದೋಣಿಯಲ್ಲಿ ತಂದು ದ್ವೀಪದಲ್ಲಿ ಬಿಟ್ಟ. ನೀರು ದಾಟಿ ಬೇಟೆಗಾರ ಪ್ರಾಣಿ ಬರಲಾರದು ಎಂಬುದು ಅವನ ನಂಬಿಕೆ. 1900ರಲ್ಲಿ ದ್ವೀಪದ ಮೇಲೆ ಒಂದು ಸ್ಟೋಟ್ ಕಾಣಿಸಿತು. ಮೊಲಗಳನ್ನು ಹತೋಟಿಗೆ ತರಲೆಂದು ಯುರೋಪಿನಿಂದ ತರಿಸಿದ್ದ, ಮುಂಗುಸಿಯ ಬುದ್ಧಿಯ ಆ ಪುಟ್ಟ ಪ್ರಾಣಿಗೆ ಈಜು ಬರುತ್ತಿತ್ತು.

ನಾನು ಒಮ್ಮೆ ಆ ಹಡಗಿನಲ್ಲಿ ಹೋಗಿದ್ದೆ. ದಕ್ಷಿಣ ದ್ವೀಪದ ಕೆಳತುದಿಯ ಬ್ಲಫ್ ಬಂದರು ಬಿಟ್ಟ ಮರುದಿನ ಎಲ್ಲರೂ ಬೂಟು, ಚೀಲ, ಜಾಕೆಟ್ಟುಗಳನ್ನು ಹಜಾರಕ್ಕೆ ತರಬೇಕೆಂದರು. ವ್ಯಾಕ್ಯೂಮ್ ಯಂತ್ರ, ಹಲ್ಲುಜ್ಜುವ ಬ್ರಷ್ಷು, ಚಿಮಟ, ನೇರ ಮಾಡಿದ ಪೇಪರ್ ಕ್ಲಿಪ್ಪು, ಇಷ್ಟೇ ಸಲಕರಣೆ. ನಾನು ಜಾಕೆಟ್ಟನ್ನು ಹೊರಡುವ ಮುಂಚೆಯೇ ಒಗೆಸಿದ್ದರಿಂದ ಧೈರ್ಯವಾಗಿದ್ದೆ. ನನ್ನ ಮಗಳ ವಯಸ್ಸಿನ ಸಿಬ್ಬಂದಿಯೊಬ್ಬಳು ತೋಳಿನ ವೆಲ್ಕ್ರೋ ಪಟ್ಟಿಯನ್ನು ಬಿಡಿಸಿ, ದೀಪದ ಕೆಳಗೆ ಹಿಡಿದು, ಚಿಮಟದಿಂದ ಏನನ್ನೋ ಎಳೆದು ನನ್ನ ಅಂಗೈಗೆ ಹಾಕಿದಳು. ಎರಡು ಉತ್ತರಾಣಿ ಕಾಳು! ಹಿಂದಿನ ವರ್ಷ ಕುದುರೆಮುಖದ ಚಾರಣಕ್ಕೆ ಹಾಕಿದ್ದ ಜಾಕೆಟ್ಟು ಅದು. ಅವು ಆ ಚಳಿಯಲ್ಲಿ ಮೊಳೆಯುತ್ತಿದ್ದವು ಎಂದು ನಾನು ಹೇಳಲಾರೆ. ಆದರೆ ಲಂಟಾನ ಬಂಡೀಪುರವನ್ನು ಏನು ಮಾಡಿದೆ ಎಂಬುದನ್ನು ಕಂಡ ನಾವು ಅಂಥ ತಪಾಸಣೆಗೆ ಮುಖ ಸಿಂಡರಿಸುವಂತಿಲ್ಲ. ಆಮೇಲೆ ಪ್ರತಿ ಸಲ ಇಳಿಯುವಾಗಲೂ ಹತ್ತುವಾಗಲೂ ಬೂಟನ್ನು ಔಷಧಿ ನೀರಿನಲ್ಲಿ ಅದ್ದಿಸಿದರು. ಹಕ್ಕಿಜ್ವರ 2023ರಲ್ಲಿ ಅಟ್ಲಾಂಟಿಕ್ ಸಾಗರದ ದಕ್ಷಿಣ ಜಾರ್ಜಿಯಾ ದ್ವೀಪವನ್ನು ಮುಟ್ಟಿದ ಮೇಲೆ ಈ ಶಿಸ್ತಿಗೆ ಇನ್ನೊಂದು ಕಾರಣವೂ ಸೇರಿದೆ.

ಕ್ಯಾಂಪ್‌ಬೆಲ್ಲಿನಲ್ಲಿ ಹಲಗೆಯ ದಾರಿ ಬಿಟ್ಟು ಕದಲದೆ ಕುಳಿತ ಒಂದು ಮಧ್ಯಾಹ್ನ ಇಂದಿಗೂ ಕಣ್ಣಿಗೆ ಕಟ್ಟಿದೆ. ಮೂರು ಮೀಟರಿಗೂ ಮಿಕ್ಕಿ ರೆಕ್ಕೆ ಹರಡುವ ರಾಯಲ್ ಆಲ್ಬಟ್ರಾಸ್ ಗಾಳಿಯಲ್ಲಿದ್ದಾಗ ರಾಜಹಂಸ. ಇಳಿಯುವಾಗ ಮಾತ್ರ ಕಾಲು ಮುಂದೆ ಚಾಚಿ, ಹುಲ್ಲಿನ ಮೇಲೆ ಮುಗ್ಗರಿಸಿ, ಎದ್ದು, ಯಾರೂ ನೋಡಲಿಲ್ಲ ತಾನೆ ಎಂಬಂತೆ ಸುತ್ತ ಕತ್ತು ತಿರುಗಿಸುತ್ತದೆ. ನನ್ನಿಂದ ಆರೇಳು ಮಾರು ದೂರದಲ್ಲಿ ಒಂದು ಹಕ್ಕಿ ಮೊಟ್ಟೆಯ ಮೇಲೆ ಕುಳಿತಿತ್ತು. ಒಂದೇ ಮೊಟ್ಟೆ, ಹನ್ನೊಂದು ವಾರದ ಕಾವು, ಮರಿ ಹಾರುವುದಕ್ಕೆ ಮತ್ತೆ ಎಂಟು ತಿಂಗಳು. ಆದ್ದರಿಂದಲೇ ಆ ಜೋಡಿ ಎರಡು ವರ್ಷಕ್ಕೊಮ್ಮೆ ಮಾತ್ರ ಮರಿ ಮಾಡುತ್ತದೆ. ಮೀನುಗಾರಿಕೆಯ ಉದ್ದ ಹಗ್ಗದ ಗಾಳಕ್ಕೆ ಒಂದು ಹಕ್ಕಿ ಸಿಕ್ಕಿ ಸತ್ತರೆ ಆಗುವ ನಷ್ಟವೆಷ್ಟು ಎಂಬುದು ಈ ಲೆಕ್ಕದಲ್ಲೇ ಇದೆ.

ಹಾಗಾದರೆ ಪೂರ್ತಿ ಮುಚ್ಚಬಾರದೆ? ಈ ಪ್ರಶ್ನೆಗೆ ಹಡಗಿನವರು ಕೊಡುವ ಸಿದ್ಧ ಉತ್ತರ, ನೋಡಿಬಂದವರು ದ್ವೀಪಗಳ ರಾಯಭಾರಿಗಳಾಗುತ್ತಾರೆ ಎಂಬುದು. ನನಗೆ ಇದರಲ್ಲಿ ಅರ್ಧ ನಂಬಿಕೆ ಮಾತ್ರ. ನನ್ನ ಸಹಪ್ರಯಾಣಿಕರಲ್ಲಿ ಹಲವರು ರಾಯಭಾರಿಗಳಾಗುವ ಬದಲು ಮುಂದಿನ ಪ್ರವಾಸವನ್ನು ಕಾದಿರಿಸಿದರು. ಆದರೆ 2012ರಲ್ಲಿ ಹೀಗೆ ಹೋಗಿಬಂದ ನ್ಯೂಜಿಲೆಂಡಿಗರ ಒಂದು ತಂಡ ಆಂಟಿಪೋಡ್ಸ್ ದ್ವೀಪದ ಸುಂಡಿಲಿಗಳನ್ನು ತೆಗೆಸಲು ಜನರಿಂದ ಹಣ ಕೂಡಿಸುವ ಅಭಿಯಾನ ಆರಂಭಿಸಿದ್ದೂ, ಸರ್ಕಾರ ಅದಕ್ಕೆ ಕೈಜೋಡಿಸಿ 2016ರಲ್ಲಿ ಕೆಲಸ ನಡೆಸಿದ್ದೂ, 2018ರಲ್ಲಿ ದ್ವೀಪ ಇಲಿಮುಕ್ತವೆಂದು ಸಾರಿದ್ದೂ ನಿಜ. ಹಣ ಕೊಟ್ಟವರಲ್ಲಿ ಬಹುಪಾಲು ಜನ ಆ ದ್ವೀಪವನ್ನು ಎಂದೂ ನೋಡಿದವರಲ್ಲ, ನೋಡುವವರೂ ಅಲ್ಲ. ಅಂದರೆ ಕೆಲವರು ನೋಡಿ ಬಂದು ಹೇಳಿದರೆ ಸಾಕು, ಎಲ್ಲರೂ ಹೋಗಬೇಕಾಗಿಲ್ಲ. ಸಂಖ್ಯೆಗೆ ಮಿತಿ ಹಾಕಿ, ಕೆಲವು ದ್ವೀಪಗಳನ್ನು ಮುಚ್ಚಿ, ಕೆಲವನ್ನು ಬಾಗಿಲು ಓರೆ ಮಾಡಿದಂತೆ ತೆರೆದಿಟ್ಟಿರುವ ಈಗಿನ ಏರ್ಪಾಡೇ ನನಗೆ ಸರಿ ಎನಿಸುತ್ತದೆ. ಬೆಂಗಳೂರಿನಿಂದ ಅಲ್ಲಿಗೆ ಹಾರುವ ವಿಮಾನವೂ, ಆ ಹಡಗೂ ಸುಡುವ ಇಂಧನದ ಲೆಕ್ಕ ಮಾತ್ರ ನನ್ನ ಮನಸ್ಸಿನಲ್ಲಿ ಇನ್ನೂ ಬಗೆಹರಿದಿಲ್ಲ. ನಮ್ಮ ಲೇಖನ ಅದರ ಮಾತೇ ಎತ್ತಲಿಲ್ಲ ಎಂಬ ತಮ್ಮ ದೂರು ನ್ಯಾಯವಾದದ್ದು.

ಆಕ್ಲೆಂಡಿನ ವಿಷಯ. ಮಗಳಿರುವ ನಗರ ಉತ್ತರ ದ್ವೀಪದಲ್ಲಿದೆ. ಅಲ್ಲಿಂದ ಬ್ಲಫ್ ಸಾವಿರ ಕಿ.ಮೀ.ಗೂ ಮೀರಿದ ದೂರ, ಬ್ಲಫ್‌ನಿಂದ ಆಕ್ಲೆಂಡ್ ದ್ವೀಪಗಳು ಮತ್ತೆ 450 ಕಿ.ಮೀ.ಗೂ ಹೆಚ್ಚು. ದ್ವೀಪಗಳ ಹೆಸರು ತಂದೆ ವಿಲಿಯಂ ಈಡನ್‌ನದು, ನಗರದ ಹೆಸರು ಮಗ ಜಾರ್ಜ್ ಈಡನ್‌ನದು. ಆ ಮಗನೇ 1836ರಿಂದ 1842ರವರೆಗೆ ನಮ್ಮ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಆಕ್ಲೆಂಡ್. ಹೆಸರಿನ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳದೆ ಬಿಡಲಾರೆ. ಅದೇ ಸಾಗರದ ಮ್ಯಾಕ್ವಾರಿ ದ್ವೀಪಕ್ಕೆ 1810ರಲ್ಲಿ ಸೀಲ್ ಬೇಟೆಗಾರ ಫ್ರೆಡರಿಕ್ ಹ್ಯಾಸಲ್‌ಬರೋ ಇಟ್ಟ ಹೆಸರು ಸಿಡ್ನಿಯ ಗವರ್ನರ್ ಲಾಕ್ಲನ್ ಮ್ಯಾಕ್ವಾರಿಯದು. ಈ ಮ್ಯಾಕ್ವಾರಿ ಅದಕ್ಕೂ ಮೊದಲು 1792 ಮತ್ತು 1799ರ ಶ್ರೀರಂಗಪಟ್ಟಣದ ಮುತ್ತಿಗೆಗಳಲ್ಲಿ ಟಿಪ್ಪುವಿನ ವಿರುದ್ಧ ಕಾದಿದ ಸೈನ್ಯಾಧಿಕಾರಿ. ಕಿಂಗ್ ಪೆಂಗ್ವಿನ್ನುಗಳ ಆ ದ್ವೀಪಕ್ಕೂ ನಮ್ಮ ಕಾವೇರಿ ದಂಡೆಗೂ ಹೀಗೊಂದು ನಂಟಿದೆ.

ಎರಡು ದಿನದಲ್ಲಿ ಆಗುವ ಕೆಲಸ ಇದಲ್ಲ, ವಾರಕ್ಕೂ ಹೆಚ್ಚು ಬೇಕು. ಸಮುದ್ರ ಒರಟು. ಹಡಗಿನ ಪಕ್ಕದಲ್ಲಿ ಏರಿಳಿಯುವ ದೋಣಿಗೆ ಸಿಬ್ಬಂದಿಯ ಮುಂಗೈ ಹಿಡಿದು ಕಾಲಿಡಬೇಕು. ಮಂಡಿ ನೋವೆಂದು ತಾವೇ ಬರೆದಿರುವುದರಿಂದ ನನ್ನ ಸಲಹೆ ಬೇರೆ. ಡುನೆಡಿನ್ ನಗರದ ಬಳಿಯ ಟೈಯರೋವಾ ಹೆಡ್ ಎಂಬ ಭೂಶಿರದಲ್ಲಿ ಉತ್ತರದ ರಾಯಲ್ ಆಲ್ಬಟ್ರಾಸ್ ದಕ್ಷಿಣ ದ್ವೀಪದ ನೆಲದ ಮೇಲೆಯೇ ಗೂಡು ಕಟ್ಟುತ್ತದೆ, ಅಲ್ಲಿಗೆ ಕಾರಿನಲ್ಲಿ ಹೋಗಬಹುದು. ಮಿಲ್ಫರ್ಡಿನ ಕಡಲಗಣಿವೆಯನ್ನು ಒಂದೇ ದಿನದಲ್ಲಿ ದೊಡ್ಡ ದೋಣಿಯಿಂದ ನೋಡಬಹುದು. ಮಳೆ ಬಂದರೆ ಬೇಸರಿಸಬೇಡಿ, ಜಲಪಾತಗಳು ಹೆಚ್ಚಾಗುತ್ತವೆ. ಬೂಟಿನ ಅಡಿಯ ಮಣ್ಣನ್ನು ಮಾತ್ರ ಧಾರವಾಡದಲ್ಲಿಯೇ ತೊಳೆದುಕೊಂಡು ಹೊರಡಿ, ಆಕ್ಲೆಂಡಿನ ವಿಮಾನ ನಿಲ್ದಾಣದಲ್ಲಿಯೂ ಅದನ್ನು ಕೇಳುತ್ತಾರೆ. ಮಗಳಿಗೆಂದು ಒಯ್ಯುವ ಶೇಂಗಾ ಚಟ್ನಿಪುಡಿ, ಉಪ್ಪಿನಕಾಯಿಗಳನ್ನು ಅವರು ಕೊಡುವ ಘೋಷಣಾ ಪತ್ರದಲ್ಲಿ ಮರೆಯದೆ ನಮೂದಿಸಿ.

— ಸಂಪಾದಕ